ಹಳೆಯ ಕುರ್ಚಿಗೂ ಒಂದು ವಿಳಾಸವಿರಲಿ

ಗುಜರಿಗೆಂದು ಮಾರಿದ ಕುರ್ಚಿ ಕಡಲು ದಾಟಿ ಹೋಗಿ ಲಕ್ಷಗಟ್ಟಲೆ ರೂಪಾಯಿಗೆ ಹರಾಜಾಯಿತೆಂದರೆ ನಮ್ಮ ಹಳ್ಳಿಯ ಹಿರಿಯರು ನಕ್ಕು ಸುಮ್ಮನಾದಾರು. ಆದರೆ ನಮ್ಮ ದೇಶದಲ್ಲೇ, ಚಂಡೀಗಢದಲ್ಲಿ, ನಡೆದ ಸಂಗತಿಯಿದು. ಗಡಿನಾಡಿನ ನಮ್ಮ ಮನೆಗಳವರೂ ಶಾಲೆಗಳವರೂ ಇದರಿಂದ ಕಲಿಯಬೇಕಾದ ಪಾಠವೊಂದಿದೆ ಎಂದು ತೋರಿದ್ದರಿಂದ ಈ ನಾಲ್ಕು ಮಾತುಗಳನ್ನು ಓದುಗರ ಮುಂದಿಡುತ್ತಿದ್ದೇವೆ.

ದೇಶ ವಿಭಜನೆಯಲ್ಲಿ ಲಾಹೋರ್ ಕೈತಪ್ಪಿ ಹೋದ ಮೇಲೆ ಪಂಜಾಬಕ್ಕೆ ಹೊಸ ರಾಜಧಾನಿ ಬೇಕಾಯಿತು. ಲೆ ಕಾರ್ಬೂಸಿಯೆ ಎಂಬ ವಿಖ್ಯಾತ ವಾಸ್ತುಶಿಲ್ಪಿ ಚಂಡೀಗಢದ ನಕ್ಷೆಯನ್ನು ರೂಪಿಸಿದರು. ಅವರ ಸೋದರ ಸಂಬಂಧಿ ಪಿಯರ್ ಜಾನರೆ 1951ರಿಂದ 1965ರವರೆಗೆ ಅಲ್ಲಿಯೇ ನಿಂತು ಕೆಲಸ ನೋಡಿಕೊಂಡರು. ಕಚೇರಿ, ನ್ಯಾಯಾಲಯ, ವಿಶ್ವವಿದ್ಯಾಲಯ, ವಾಚನಾಲಯಗಳಿಗೆ ಸಾವಿರಾರು ಕುರ್ಚಿ ಮೇಜುಗಳು ಬೇಕಾದಾಗ ಜಾನರೆ ಮತ್ತು ಅವರ ಸಂಗಡಿಗರು ತೇಗದ ಮರ ಹಾಗೂ ಬೆತ್ತದ ಹೆಣಿಗೆಯಲ್ಲಿ ಸರಳವಾದ ಮಾದರಿಗಳನ್ನು ಮಾಡಿಕೊಟ್ಟರು. ಕೆತ್ತನೆಯಿಲ್ಲ, ಆಡಂಬರವಿಲ್ಲ, ಗಣಿತದ ಪೆಟ್ಟಿಗೆಯ ಕೈವಾರವನ್ನು ಅಗಲಿಸಿ ನಿಲ್ಲಿಸಿದ ಹಾಗೆ ಕಾಲುಗಳು. ಅವನ್ನು ಮಾಡಿದವರು ಅಲ್ಲಿನ ಬಡಗಿಗಳೇ. ಕಚೇರಿಯ ಗುಮಾಸ್ತರು ಒಂದೊಂದಕ್ಕೂ ಬಣ್ಣದಲ್ಲಿ ದಾಸ್ತಾನಿನ ಸಂಖ್ಯೆ ಬರೆದರು.

ನಲವತ್ತು ವರ್ಷ ಕಳೆಯಿತು. ಬೆತ್ತ ಹರಿಯಿತು, ಕೀಲು ಸಡಿಲಿತು. ಉಕ್ಕಿನ ಹಾಗೂ ಪ್ಲಾಸ್ಟಿಕ್ಕಿನ ಕುರ್ಚಿಗಳು ಬಂದ ಮೇಲೆ ಹಳೆಯವನ್ನು ತಾರಸಿಯ ಮೇಲೆ ರಾಶಿ ಹಾಕಿ ಗುಜರಿ ಬೆಲೆಗೆ ಹರಾಜು ಕೂಗಿದರು. ವಿದೇಶದ ವ್ಯಾಪಾರಿಗಳು ಬಂದು ಕೊಂಡರು. ದುರಸ್ತಿ ಮಾಡಿಸಿ ಪ್ಯಾರಿಸ್, ಲಂಡನ್, ನ್ಯೂಯಾರ್ಕ್ ನಗರಗಳ ಹರಾಜು ಶಾಲೆಗಳಲ್ಲಿ ಮಾರಿದರು. ನಮ್ಮವರಿಗೆ ಎಚ್ಚರವಾದಾಗ ತಡವಾಗಿತ್ತು. ಕೇಂದ್ರದ ಗೃಹ ಸಚಿವಾಲಯ 2011ರಲ್ಲಿ ಇವುಗಳ ಮಾರಾಟ ಮತ್ತು ರಫ್ತಿಗೆ ತಡೆ ಹಾಕಿತು. ಬಳಿಕ ಉಳಿದವನ್ನು ಎಣಿಸಿದಾಗ ಸಿಕ್ಕಿದ್ದು 12,793. ಇದರಲ್ಲೊಂದು ವಿನೋದವೂ ಇದೆ. ಗುಮಾಸ್ತನು ಒರಟಾಗಿ ಬರೆದ ಆ ಸಂಖ್ಯೆಯೇ ಇಂದು ಕುರ್ಚಿ ಅಸಲಿ ಎಂಬುದಕ್ಕೆ ಸಾಕ್ಷಿ. ಅದನ್ನು ಅಳಿಸದೆ ಉಳಿಸಿಕೊಂಡ ಕುರ್ಚಿಗೇ ಹೆಚ್ಚು ಬೆಲೆ!

ಇದು ಒಂದು ಊರಿನ ಕತೆಯಷ್ಟೇ ಅಲ್ಲ. ಎರಡನೆಯ ಮಹಾಯುದ್ಧದ ನಂತರದ ಇಪ್ಪತ್ತು ಇಪ್ಪತ್ತೈದು ವರ್ಷ ಜಗತ್ತಿನ ಹಲವೆಡೆ ಇಂಥ ಸರಳ ಪೀಠೋಪಕರಣಗಳ ಕಾಲ. ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ಪ್ಲೈವುಡ್ಡನ್ನು ಬಾಗಿಸಿ ಮಾಡಿದ ಕುರ್ಚಿಗಳು ಮನೆಮಾತಾದವು. ಇದೇ ದಂಪತಿಗಳು ನಮ್ಮ ಸರ್ಕಾರದ ಕರೆಯ ಮೇರೆಗೆ ದೇಶ ಸುತ್ತಿ 1958ರಲ್ಲಿ ಒಂದು ವರದಿ ಕೊಟ್ಟರು. ಅದರಲ್ಲಿ ಅವರು ಬಹುವಾಗಿ ಕೊಂಡಾಡಿದ ವಸ್ತು ನಮ್ಮ ನಿತ್ಯದ ತಂಬಿಗೆ! ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಮರಗೆಲಸದಲ್ಲಿ ಜಗತ್ಪ್ರಸಿದ್ಧರಾದ ಜಾರ್ಜ್ ನಕಾಶಿಮಾ ಅವರು ಅದಕ್ಕೂ ಮುಂಚೆ, 1930ರ ದಶಕದ ಕೊನೆಯಲ್ಲಿ, ಪಾಂಡಿಚೇರಿಯ ಅರವಿಂದಾಶ್ರಮದ ಗೋಲ್ಕೊಂಡ ವಸತಿಗೃಹದ ಕಟ್ಟಡದ ಕೆಲಸದಲ್ಲಿದ್ದು ಅಲ್ಲಿಗೆ ಪೀಠೋಪಕರಣಗಳನ್ನು ರೂಪಿಸಿದ್ದರು.

ಮುಂದೆ ರುಚಿ ಬದಲಾಯಿತು. 1970ರ ದಶಕದ ಹೊತ್ತಿಗೆ ಅವೇ ಕುರ್ಚಿಗಳು ಹಳೆಯ ಮಾಲಿನ ಅಂಗಡಿ ಸೇರಿದವು. 1984ರಲ್ಲಿ ಕಾರಾ ಗ್ರೀನ್‌ಬರ್ಗ್ ಎಂಬ ಅಮೆರಿಕದ ಲೇಖಕಿ ‘ಮಿಡ್ ಸೆಂಚುರಿ ಮಾಡರ್ನ್’ ಎಂಬ ಪುಸ್ತಕ ಬರೆದರು. ಅಲ್ಲಿಂದಾಚೆಗೆ ಪುಸ್ತಕದ ಹೆಸರೇ ಆ ಶೈಲಿಯ ಹೆಸರಾಗಿ ನಿಂತಿತು, ಸಂಗ್ರಾಹಕರು ಹುಟ್ಟಿಕೊಂಡರು, ಬೆಲೆ ಏರಿತು. ಮರ ಅದೇ, ಕುರ್ಚಿ ಅದೇ. ನಡುವೆ ಬಂದದ್ದು ಇಷ್ಟೇ: ಯಾರು ಮಾಡಿದ್ದು, ಎಂದು ಮಾಡಿದ್ದು, ಎಲ್ಲಿಗಾಗಿ ಮಾಡಿದ್ದು ಎಂಬುದನ್ನು ಒಬ್ಬರು ಕುಳಿತು ಬರೆದಿಟ್ಟರು.

ಈಗ ನಮ್ಮ ಕಡೆ ನೋಡೋಣ. ತಾಳವಾಡಿ ಬೆಟ್ಟದ ಸೀಮೆಯ ಹಳೆಯ ಮನೆಗಳ ಪಡಸಾಲೆಯಲ್ಲಿ ಬೀಟೆಯ ಬೆಂಚು, ತೇಗದ ಮೇಜು, ಹಲಸಿನ ಪೆಟ್ಟಿಗೆ ಇನ್ನೂ ಅಲ್ಲಲ್ಲಿ ಉಳಿದಿವೆ. ಕಾಸರಗೋಡಿನ ಮನೆಗಳ ಚಾವಡಿಯಲ್ಲಿ ಉದ್ದ ಕೈಯ ಆರಾಮ ಕುರ್ಚಿ ಇಂದಿಗೂ ಕಾಣಸಿಗುತ್ತದೆ. ಶಾಲೆಗಳಲ್ಲಿ ನಾಲ್ಕು ತಲೆಮಾರು ಕುಳಿತೆದ್ದ ಬೆಂಚುಗಳಿವೆ. ಅವುಗಳ ಮೇಲೂ ಬಿಳಿಯ ಬಣ್ಣದಲ್ಲಿ ದಾಸ್ತಾನಿನ ಸಂಖ್ಯೆಯಿದೆ. ನಮ್ಮ ಸೀಮೆಯ ಶಾಲೆಯೊಂದರಲ್ಲಿ ಇಂಥ ಬೆಂಚುಗಳನ್ನು ‘ನಿರುಪಯುಕ್ತ’ ಎಂದು ಬರೆದು ಸೌದೆಯ ದರಕ್ಕೆ ಕೊಟ್ಟದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಒಂದು ಕೀಲಿಗೆ ಮರದ ಮೊಳೆ ಬಡಿದಿದ್ದರೆ ಇನ್ನೂ ಬಹುಕಾಲ ಮಕ್ಕಳು ಕೂರುವಂಥ ಬೆಂಚುಗಳವು. ಮನೆಗಳಲ್ಲಿಯೂ ಅಷ್ಟೆ. ಗುಜರಿಯವನ ಗಾಡಿ ಬಂತೆಂದರೆ ಮೂಲೆಯ ಮರದ ಸಾಮಾನಿಗೆ ಆಪತ್ತು. ಇಂಥವು ಕೈಯಿಂದ ಕೈಗೆ ದಾಟಿ ಕಾರೈಕುಡಿಯ ಹಳೆಯ ಸಾಮಾನಿನ ಅಂಗಡಿಗೋ ಕೊಚ್ಚಿಯ ಮಟ್ಟಾಂಚೇರಿಗೋ ಸೇರಿದ ಮೇಲೆ ಅವುಗಳ ಬೆಲೆಯೇ ಬೇರೆ.

ಹಾಗೆಂದು ಪ್ಲಾಸ್ಟಿಕ್ ಕುರ್ಚಿ ಕೊಂಡವರನ್ನು ಹಳಿಯುವುದು ನ್ಯಾಯವಲ್ಲ. ಅದು ಹಗುರ, ತೊಳೆಯಲು ಸುಲಭ, ಬಡವರ ಕೈಗೆಟುಕುವ ಬೆಲೆ. ಮದುವೆಗೋ ತಿಥಿಗೋ ಹತ್ತು ಜನ ಬಂದರೆ ಒಂದರ ಮೇಲೊಂದು ಪೇರಿಸಿಟ್ಟದ್ದನ್ನು ಬಿಡಿಸಿ ಹಾಕಬಹುದು. ದಿನವೂ ನೆಲ ಗುಡಿಸಿ ಸಾರಿಸುವ ಹೆಣ್ಣುಮಕ್ಕಳಿಗೆ ಬೀಟೆಯ ಬೆಂಚನ್ನು ಸರಿಸುವ ಕಷ್ಟವೇನೆಂದು ಗೊತ್ತು. ರುಚಿ ಬದಲಾದದ್ದಕ್ಕೆ ಕಾರಣಗಳಿದ್ದವು. ಆದರೆ ಹೊಸದು ಒಳಗೆ ಬಂದಾಗ ಹಳೆಯದು ಹೊರಗೆ ಹೋಗಲೇಬೇಕೆಂಬ ನಿಯಮವೇನಿಲ್ಲವಲ್ಲ?

ಇನ್ನೆರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು ಕಾಯಿದೆ. 1972ರ ಪುರಾತನ ವಸ್ತುಗಳ ಕಾಯಿದೆ ಸಾಮಾನ್ಯವಾಗಿ ನೂರು ವರ್ಷ ದಾಟಿದ ವಸ್ತುಗಳಿಗೆ ಮಾತ್ರ ರಕ್ಷಣೆ ಕೊಡುತ್ತದೆ. ಚಂಡೀಗಢದ ಕುರ್ಚಿಗಳು ಹೊರದೇಶಕ್ಕೆ ಹೋದದ್ದು ಈ ಕಿಂಡಿಯಿಂದಲೇ. ನಮ್ಮ ಅಜ್ಜಂದಿರ ಕಾಲದ ಮೇಜಿಗೂ ಯಜಮಾನನ ಹೊರತು ಬೇರೆ ಕಾವಲಿಲ್ಲ. ಎರಡನೆಯದು ಮರ. ತಮಿಳುನಾಡು 1994ರಲ್ಲಿ ಬೀಟೆ ಮರಗಳ ರಕ್ಷಣೆಗೆಂದೇ ಕಾಯಿದೆ ತಂದಿತು. 2017ರಲ್ಲಿ ಬೀಟೆಯ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಕಡಿವಾಣ ಬಿತ್ತು. ಕಾಡು ಉಳಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಹಾಗಿರುವಾಗ ಹಿಂದೆಯೇ ಕಡಿದು ಬೆಂಚಾಗಿರುವ ಮರವನ್ನು ಸೌದೆ ಮಾಡುವುದು ಕಾಡಿಗೂ ಮಾಡಿದ ಅಪಚಾರವೇ ಸರಿ.

ಹೊಟ್ಟೆಗೆ ಹಿಟ್ಟಿಲ್ಲದವರಿಗೆ ಜುಟ್ಟಿಗೆ ಮಲ್ಲಿಗೆ ಹೂವೇ ಎಂದು ಕೆಲವರು ಕೇಳಿಯಾರು. ಹಳೆಯ ಕುರ್ಚಿ ಸಂಗ್ರಹಿಸುವುದು ಪಟ್ಟಣದ ಶ್ರೀಮಂತರ ಹವ್ಯಾಸವೆಂಬುದು ನಿಜ. ನಾವು ಹೇಳುತ್ತಿರುವುದು ಬೇರೆ. ಕೊಂಡು ಕೂಡಿಡಬೇಕಿಲ್ಲ, ಇರುವುದನ್ನು ತಿಳಿದಿದ್ದರೆ ಸಾಕು. ಮಗಳ ಓದಿಗೋ ಆಸ್ಪತ್ರೆಯ ಖರ್ಚಿಗೋ ಮಾರಬೇಕಾಗಿ ಬಂದರೆ ಧಾರಾಳವಾಗಿ ಮಾರಲಿ, ಆದರೆ ಬೆಲೆಯರಿತು ಮಾರಲಿ. ಹಳೆಯ ಕುರ್ಚಿಯೆಲ್ಲ ಲಕ್ಷ ಬಾಳುತ್ತದೆಂಬ ಭ್ರಮೆಯೂ ಬೇಡ. ಜಾನರೆ ಮಾದರಿಯ ನಕಲುಗಳು ಈಗ ಹೊಸ ಮರದಲ್ಲಿಯೇ ತಯಾರಾಗಿ ಅಂಗಡಿಗಳಲ್ಲಿ ಸಾಲುಗಟ್ಟಿ ನಿಂತಿವೆ. ನಮ್ಮ ಮನೆಯ ಬೆಂಚಿನ ಮುಖ್ಯ ಬೆಲೆ ಅದರ ಮೇಲೆ ಕುಳಿತವರದು, ಅದನ್ನು ಮಾಡಿದ ಆಚಾರಿಯದು.

ಮಾಡಬೇಕಾದ ಕೆಲಸ ಕಷ್ಟದ್ದಲ್ಲ. ಮನೆಯ ಹಿರಿಯರನ್ನು ಕೇಳಿ ಒಂದು ಚೀಟಿ ಬರೆಯಿರಿ: ಯಾವ ಮರ, ಯಾವ ಊರಿನ ಯಾವ ಆಚಾರಿ ಮಾಡಿದ್ದು, ಸುಮಾರು ಯಾವ ವರ್ಷ, ಯಾವ ಸಂದರ್ಭಕ್ಕೆ ಮಾಡಿಸಿದ್ದು, ಆಮೇಲೆ ಏನೇನು ದುರಸ್ತಿಯಾಯಿತು. ಅದನ್ನು ಕುರ್ಚಿಯ ಅಡಿಯಲ್ಲೋ ಮೇಜಿನ ಖಾನೆಯ ಒಳಗೋ ಅಂಟಿಸಿ; ಒಂದು ನಕಲು ಮನೆಯ ಲೆಕ್ಕದ ಪುಸ್ತಕದಲ್ಲಿರಲಿ. ಕೈಯಲ್ಲಿರುವ ಮೊಬೈಲಿನಿಂದ ಒಂದು ಚಿತ್ರ ತೆಗೆದಿಡಿ. ಹಳೆಯ ಬರಹವನ್ನೂ ಸಂಖ್ಯೆಯನ್ನೂ ಉಜ್ಜಿ ತೆಗೆಯಬೇಡಿ, ಮರದ ಮೇಲೆ ಎನಾಮಲ್ ಬಣ್ಣ ಬಳಿಯಬೇಡಿ. ಕಾಲುಗಳು ತೇವದ ನೆಲಕ್ಕೆ ತಾಗದಂತೆ, ಗೆದ್ದಲು ಹತ್ತದಂತೆ ನೋಡಿಕೊಳ್ಳಿ. ಬೆತ್ತ ಹರಿದರೆ ಮತ್ತೆ ಹೆಣೆಸಬಹುದು. ಹೊಸ ಬೆತ್ತ ಹಾಕಿದ ಮಾತ್ರಕ್ಕೆ ಕುರ್ಚಿಯ ಹಳಮೆ ಕೆಡುವುದಿಲ್ಲ.

ಶಾಲೆಗಳಲ್ಲಿ ಇದನ್ನೊಂದು ಪಾಠವನ್ನಾಗಿಯೇ ಮಾಡಬಹುದು. ಪ್ರೌಢಶಾಲೆಯ ಮಕ್ಕಳು ತಮ್ಮ ಮನೆಯ ಒಂದು ಮರದ ಸಾಮಾನಿನ ಚರಿತ್ರೆಯನ್ನು ಒಂದು ಪುಟ ಬರೆದು ತರಲಿ. ಕಾಲ್ಮಣೆ, ಒರಗು ಹಲಗೆ, ಅಗಣಿ, ಖಾನೆ ಮೊದಲಾದ ಮಾತುಗಳು ವಸ್ತುವಿನೊಡನೆಯೇ ಮರೆಯಾಗುತ್ತಿರುವಾಗ ಕನ್ನಡದ ಪ್ರಬಂಧ ಪಾಠಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ಎಲ್ಲಿದೆ? ಬೆಂಚನ್ನು ‘ನಿರುಪಯುಕ್ತ’ ಎಂದು ಬರೆಯುವ ಮುನ್ನ ಊರಿನ ಬಡಗಿಯೊಬ್ಬನಿಗೆ ತೋರಿಸುವ ಪದ್ಧತಿಯನ್ನು ಶಾಲೆಗಳವರು ಇಟ್ಟುಕೊಳ್ಳಲಿ.

ಚಂಡೀಗಢದ ಕುರ್ಚಿಗಳನ್ನು ರೂಪಿಸಿದವರ ಹೆಸರು ಜಗತ್ತಿಗೆಲ್ಲ ಗೊತ್ತು. ಕೈಯಾರೆ ಮರ ಕೊಯ್ದು ಕೂಡಿಸಿದ ಬಡಗಿಗಳ ಹೆಸರುಗಳಲ್ಲಿ ಬಹುಪಾಲು ಯಾರೂ ಬರೆದಿಡದೆ ಹೋದವು. ನಮ್ಮ ಹಳ್ಳಿಗಳಲ್ಲಿ ‘ಈ ಮೇಜು ಇಂಥ ಆಚಾರಿಯ ಕೈಕೆಲಸ’ ಎಂದು ಹೇಳಬಲ್ಲ ಅಜ್ಜ ಅಜ್ಜಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಗುಜರಿಯ ಗಾಡಿ ಬಾಗಿಲಿಗೆ ಬರುವ ಮೊದಲು ಅವರನ್ನು ಕೇಳಿ ಬರೆದುಕೊಳ್ಳುವುದು ನಮ್ಮೆಲ್ಲರ ಕರ್ತವ್ಯ. ಬರುವ ರಜೆಯಲ್ಲಿಯೇ ಈ ಕೆಲಸಕ್ಕೆ ಮನೆಮನೆಗಳಲ್ಲಿ ಆರಂಭವಾಗಲಿ.