ಗುರಿ ತರಗತಿಯದ್ದಾಗಲಿ, ದಾರಿ ಮಗುವಿನದ್ದಾಗಲಿ

ಮನೆ ಭೇಟಿಗೆ ಹೋದಾಗ ವಿಶೇಷ ಅಗತ್ಯವುಳ್ಳ ಮಕ್ಕಳ ತಂದೆತಾಯಿಗಳಿಂದ ನಾವು ಆಗಾಗ ಕೇಳುವ ಮಾತೊಂದಿದೆ: "ಫಾದರ್, ಮಗ ಏಳನೇ ತರಗತಿಗೆ ಪಾಸಾಗಿದ್ದಾನೆ. ಆದರೆ ಕಲಿಯುವುದು ಇನ್ನೂ ಅ ಆ ಇ ಈ." ಮಗು ಶಾಲೆಗೆ ತಪ್ಪದೆ ಹೋಗುತ್ತಾನೆ. ಶಿಕ್ಷಕರು ಪ್ರೀತಿಯಿಂದಲೇ ನೋಡಿಕೊಳ್ಳುತ್ತಾರೆ. ಹಾಜರಿ ಪುಸ್ತಕದಲ್ಲಿ ತರಗತಿ ವರ್ಷಂಪ್ರತಿ ಮೇಲೇರುತ್ತದೆ. ಕಲಿಕೆಯ ಗುರಿ ಮಾತ್ರ ಇದ್ದಲ್ಲೇ ಇರುತ್ತದೆ.

ಕಾನೂನಿನ ಕೊರತೆಯಿಂದ ಹೀಗಾಗುತ್ತಿಲ್ಲ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿದ್ದು, ಶೇಕಡಾ 40ಕ್ಕೆ ಕಡಿಮೆಯಿಲ್ಲದ ನ್ಯೂನತೆಯಿರುವ ಮಕ್ಕಳಿಗೆ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು ನೀಡಿದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯುವ ಸಹಾಯಕ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಇವೆಲ್ಲ ಆ ಕಾಯ್ದೆಯಲ್ಲೇ ಇವೆ. 2017ರಲ್ಲಿ ಎನ್.ಸಿ.ಇ.ಆರ್.ಟಿ. ಪ್ರಾಥಮಿಕ ಹಂತದ ಪ್ರತಿ ತರಗತಿಗೂ 'ಕಲಿಕಾ ಫಲ'ಗಳನ್ನು ಸಿದ್ಧಪಡಿಸಿತು. ಅದರಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಪ್ರತ್ಯೇಕ ಕೆಳಮಟ್ಟದ ಪಟ್ಟಿ ಇಲ್ಲ. ಪಟ್ಟಿ ಎಲ್ಲರಿಗೂ ಒಂದೇ. ಅದನ್ನು ತಲುಪಲು ಈ ಮಕ್ಕಳಿಗೆ ಯಾವ ನೆರವು ಬೇಕೆಂಬ ಸೂಚನೆಗಳಿವೆ.

ಹಾಗಾದರೆ ತೊಡಕು ಎಲ್ಲಿದೆ? ಮಗುವಿಗೆ ಎಷ್ಟು ಸಾಧ್ಯ ಎಂದು ನಾವು ಮೊದಲೇ ತೀರ್ಮಾನಿಸಿಬಿಡುತ್ತೇವೆ. "ಪಾಪ, ಅವನಿಗೆ ಇಷ್ಟೇ ಸಾಕು" ಎಂಬ ಮಾತಿನಲ್ಲಿ ಕರುಣೆಯಿದೆ, ಆದರೆ ನ್ಯಾಯವಿಲ್ಲ.

ಅಮೆರಿಕದ ಒಂದು ಪ್ರಕರಣ ಇಲ್ಲಿ ಗಮನಾರ್ಹ. ಅಲ್ಲಿ 1975ರಿಂದಲೇ ಇಂತಹ ಪ್ರತಿ ಮಗುವಿಗೂ ಲಿಖಿತ ವೈಯಕ್ತಿಕ ಶಿಕ್ಷಣ ಯೋಜನೆ ಕಡ್ಡಾಯ. ಕೊಲೊರಾಡೊ ರಾಜ್ಯದಲ್ಲಿ ಆಟಿಸಂ ಇದ್ದ ಬಾಲಕನೊಬ್ಬನ ಯೋಜನೆಯಲ್ಲಿ ವರ್ಷ ವರ್ಷವೂ ಬಹುತೇಕ ಅವೇ ಗುರಿಗಳು ಮರುಕಳಿಸುತ್ತಿದ್ದವು. ತಂದೆತಾಯಿ ನ್ಯಾಯಾಲಯದ ಮೆಟ್ಟಿಲೇರಿದರು. 2017ರ ಮಾರ್ಚ್ 22ರಂದು ಅಲ್ಲಿನ ಸುಪ್ರೀಂ ಕೋರ್ಟ್ ಒಮ್ಮತದಿಂದ ತೀರ್ಪು ನೀಡಿ, ನಾಮಮಾತ್ರದ ಪ್ರಗತಿ ಸಾಲದು ಎಂದಿತು. ಸಾಮಾನ್ಯ ತರಗತಿಯಲ್ಲಿ ಕಲಿಯುವ ಮಗುವಿನ ಯೋಜನೆ ಸಾಮಾನ್ಯವಾಗಿ ಅವನು ತರಗತಿಯಿಂದ ತರಗತಿಗೆ ಕಲಿತು ಮುಂದೆ ಹೋಗುವಂತಿರಬೇಕು. ಅದು ಸಾಧ್ಯವಾಗದ ಮಗುವಿಗೂ ಅವನ ಸ್ಥಿತಿಗೆ ತಕ್ಕಂತೆ ಎತ್ತರದ ಗುರಿಯೇ ಇರಬೇಕು ಎಂಬುದು ತೀರ್ಪಿನ ಸಾರ.

"ಕಲಿಯಲಾಗದ ಮಗುವಿನ ಮೇಲೆ ತರಗತಿಯ ಪಾಠ ಹೇರುವುದು ಹಿಂಸೆಯಲ್ಲವೇ?" ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಗುರಿ ಬೇರೆ, ದಾರಿ ಬೇರೆ. ಐದನೇ ತರಗತಿಯ ಭಿನ್ನರಾಶಿಯ ಪಾಠವನ್ನೇ ತೆಗೆದುಕೊಳ್ಳೋಣ. ದೃಷ್ಟಿಯಿಲ್ಲದ ಮಗು ಅದನ್ನು ಬ್ರೈಲ್ ಪುಸ್ತಕದಲ್ಲಿ, ಕೈಯಿಂದ ಮುಟ್ಟಿ ನೋಡುವ ತುಂಡುಗಳಲ್ಲಿ ಕಲಿಯಬಲ್ಲದು. ಓದುವಾಗ ಅಕ್ಷರಗಳಲ್ಲಿ ತಡವರಿಸುವ ಡಿಸ್ಲೆಕ್ಸಿಯಾದ ಮಗುವಿಗೆ ಲೆಕ್ಕವನ್ನು ಓದಿ ಹೇಳಿದರೆ ಉತ್ತರ ಕೊಟ್ಟೀತು. ಈ ಇಬ್ಬರಿಗೂ ಗುರಿ ಇಳಿಸುವ ಅಗತ್ಯವೇ ಇಲ್ಲ. ಬೌದ್ಧಿಕ ನ್ಯೂನತೆ ಹೆಚ್ಚಾಗಿರುವ ಮಗು ಒಂದು ಚಪಾತಿಯನ್ನು ಎರಡು, ನಾಲ್ಕು ಸಮಪಾಲು ಮಾಡಿ ಅರ್ಧ, ಕಾಲು ಗುರುತಿಸಲಿ. ಅದೂ ಅದೇ ಪಾಠ. ಆ ಮಗುವೂ ಅದೇ ತರಗತಿಯ ವಿದ್ಯಾರ್ಥಿ. ಆದರೆ ಭಿನ್ನರಾಶಿಯ ಹೊತ್ತಿನಲ್ಲಿ ಅವನಿಗೆ ಚಿತ್ರಕ್ಕೆ ಬಣ್ಣ ಹಚ್ಚಲು ಕೊಟ್ಟು ಮೂಲೆಯಲ್ಲಿ ಕೂರಿಸಿದರೆ, ಅದು ಸಮನ್ವಯ ಶಿಕ್ಷಣವಲ್ಲ.

ನೆರವಿಲ್ಲದೆ ಗುರಿಯನ್ನಷ್ಟೇ ಇಟ್ಟರೆ ಅದೂ ಅನ್ಯಾಯವೇ. ನಮ್ಮ ರಾಜ್ಯದಲ್ಲಿ ಬ್ಲಾಕ್ ಮಟ್ಟದ ಬಿ.ಐ.ಇ.ಆರ್.ಟಿ. ಶಿಕ್ಷಕರು ಶಾಲೆಯಿಂದ ಶಾಲೆಗೆ ಓಡಾಡಿ ಈ ಸೇವೆ ಸಲ್ಲಿಸುತ್ತಾರೆ. 2021ರ ಅಕ್ಟೋಬರ್ 28ರಂದು ನಮ್ಮ ಸುಪ್ರೀಂ ಕೋರ್ಟ್, ಪ್ರಾಥಮಿಕ ಹಂತದಲ್ಲಿ ಇಂತಹ 10 ಮಕ್ಕಳಿಗೆ ಒಬ್ಬರು, ಅದರ ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕೆಂದು ಹೇಳಿತು. ಆಡಳಿತ ಮಂಡಳಿಗಳು ಸರಕಾರದತ್ತ ಬೆರಳು ತೋರಿಸುವ ಮೊದಲು ತಮ್ಮ ಶಾಲೆಯಲ್ಲಿ ಈ ಲೆಕ್ಕ ಹೇಗಿದೆ ಎಂದು ನೋಡಿಕೊಳ್ಳುವುದು ಒಳ್ಳೆಯದು. ನಮ್ಮ ಕ್ರೈಸ್ತ ಶಾಲೆಗಳಿಗೂ ಈ ಮಾತು ಅನ್ವಯಿಸುತ್ತದೆ. ಮಂಗಳೂರಿನ ಸಂತ ಆಗ್ನೆಸ್ ವಿಶೇಷ ಶಾಲೆಯಂತಹ ಸಂಸ್ಥೆಗಳಲ್ಲಿ ನಮ್ಮ ಧರ್ಮಭಗಿನಿಯರು ಗಳಿಸಿದ ಅನುಭವ ಪಕ್ಕದ ಸಾಮಾನ್ಯ ಶಾಲೆಗಳಿಗೂ ಹರಿದು ಬರಬೇಕಾಗಿದೆ.

ಧರ್ಮಸಭೆಯ ಬೋಧನೆ ಇಲ್ಲಿ ಸ್ಪಷ್ಟವಾಗಿದೆ. ಅಂಗವಿಕಲರು ಸಂಸ್ಕಾರ ಜೀವನದ ಪೂರ್ಣತೆಗೆ ಕರೆಯಲ್ಪಟ್ಟವರು, ಅವರಿಗೆ ಸಂಸ್ಕಾರಗಳನ್ನು ಯಾರೂ ನಿರಾಕರಿಸುವಂತಿಲ್ಲ ಎಂದು 2020ರಲ್ಲಿ ವ್ಯಾಟಿಕನ್ ಪ್ರಕಟಿಸಿದ ಧರ್ಮೋಪದೇಶದ ನಿರ್ದೇಶಿಕೆ ಹೇಳುತ್ತದೆ. ಪ್ರಥಮ ಪರಮಪ್ರಸಾದಕ್ಕೆ ಸಿದ್ಧಪಡಿಸುವಾಗ ಈ ಮಕ್ಕಳಿಗೆ ಬೇರೆಯೇ ಆದ, ಸಣ್ಣದೊಂದು ಸಂಸ್ಕಾರವನ್ನು ನಾವು ಕೊಡುವುದಿಲ್ಲ. ಸಂಸ್ಕಾರ ಒಂದೇ, ಸಿದ್ಧತೆಯ ರೀತಿ ಮಾತ್ರ ಬೇರೆ. ಬಲಿಪೀಠದ ಮುಂದೆ ಒಪ್ಪಿಕೊಂಡ ಈ ನಿಯಮವನ್ನು ತರಗತಿಯ ಕೋಣೆಯಲ್ಲಿ ನಾವೇಕೆ ಮರೆಯುತ್ತೇವೆ?

ಧರ್ಮಕೇಂದ್ರಗಳು ಮಾಡಬಹುದಾದದ್ದು ಸಾಕಷ್ಟಿದೆ. ವಾಳೆಯ ಗುರಿಕಾರರು ತಮ್ಮ ಮನೆಗಳಲ್ಲಿ ಇಂತಹ ಮಕ್ಕಳಿದ್ದಾರೆಯೇ, ಅವರ ಬಳಿ ಅಂಗವಿಕಲತೆಯ ಪ್ರಮಾಣಪತ್ರವಿದೆಯೇ ಎಂದು ವಿಚಾರಿಸಲಿ. ನಿವೃತ್ತ ಶಿಕ್ಷಕರು ವಾರಕ್ಕೆ ಎರಡು ಗಂಟೆ ಪಾಠ ಓದಿ ಹೇಳಲು ಮುಂದೆ ಬರಲಿ. ತಂದೆತಾಯಿಗಳು ಶಾಲೆಗೆ ಹೋದಾಗ ಮೂರು ಪ್ರಶ್ನೆಗಳನ್ನು ಕೇಳಲಿ: ಈ ವರ್ಷ ನನ್ನ ಮಗುವಿನ ತರಗತಿಯ ಕಲಿಕಾ ಫಲಗಳಲ್ಲಿ ಅವನು ತಲುಪಬೇಕಾದವು ಯಾವುವು? ಅದಕ್ಕೆ ಯಾವ ನೆರವು ಕೊಡುತ್ತೀರಿ? ಕಳೆದ ವರ್ಷದ ಗುರಿಗೂ ಈ ವರ್ಷದ ಗುರಿಗೂ ಏನು ವ್ಯತ್ಯಾಸ? ಉತ್ತರ ಬರಹದಲ್ಲಿ ಸಿಗಲಿ.

ತಲೆಂತುಗಳ ಸಾಮತಿಯಲ್ಲಿ ಯಜಮಾನ ಮೂವರಿಗೂ ಸಮನಾಗಿ ಹಂಚಲಿಲ್ಲ. ಆದರೆ ಮೂವರಿಂದಲೂ ಲೆಕ್ಕ ಕೇಳಿದ. ಒಂದೇ ತಲೆಂತು ಪಡೆದವನು ಅದನ್ನು ತಾನೇ ಮಣ್ಣಿನಲ್ಲಿ ಹೂತಿಟ್ಟಿದ್ದ. ನಮ್ಮ ಈ ಮಕ್ಕಳ ವಿಷಯದಲ್ಲಿ ಹೂತಿಡುತ್ತಿರುವವರು ಅವರಲ್ಲ, ನಾವು. ಲೆಕ್ಕ ಕೊಡಬೇಕಾದವರೂ ನಾವೇ.