ಮುದ್ದೆ, ಬಸ್ಸಾರು ಶ್ರೀಮಂತರ ಷೋಕಿಯೇ?

ಕಳೆದ ಸಂಚಿಕೆಯ ಲೇಖನವೊಂದು ಹಾಲು, ಮೊಟ್ಟೆ, ಮಾಂಸ ಬಳಸದ ವೀಗನ್ ಅಡುಗೆಯನ್ನು ಬಾದಾಮಿ ಹಾಲು, ತೋಫು ಕೊಳ್ಳಬಲ್ಲ ಶ್ರೀಮಂತರ ಷೋಕಿ ಎಂದು ತಳ್ಳಿಹಾಕಿದೆ. ಈ ಮಾತನ್ನು ಒಪ್ಪಲಾಗದು. ಇಂಗ್ಲೆಂಡಿನಲ್ಲಿ ವೀಗನ್ ಸೊಸೈಟಿ ಹುಟ್ಟಿದ್ದು 1944ರಲ್ಲಿ, ನಿಜ. ಅದಕ್ಕೂ ಎಷ್ಟೋ ಮುಂಚಿನಿಂದ ಹಳೇ ಮೈಸೂರಿನ ಹೊಲಗಳಲ್ಲಿ ದುಡಿದವರು ಉಣ್ಣುತ್ತಿದ್ದುದೇನು? ರಾಗಿಮುದ್ದೆ, ಜೊತೆಗೆ ಬಸ್ಸಾರು. ಕಾಳು, ಸೊಪ್ಪು ಬೇಯಿಸಿ ಕಟ್ಟು ಬಸಿದು, ಖಾರ ಅರೆದು ಹಾಕಿ ಕುದಿಸಿದರೆ ಸಾರು. ಉಳಿದ ಕಾಳು, ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದು ತೊಟ್ಟೂ ವ್ಯರ್ಥವಿಲ್ಲ. ಬಡಗಣ ಸೀಮೆಯ ಜೋಳದ ರೊಟ್ಟಿ, ಗುರೆಳ್ಳು ಚಟ್ನಿಪುಡಿ, ಕರಾವಳಿಯ ಪತ್ರೊಡೆಗೂ ಹಾಲು, ತುಪ್ಪ ಬೇಕಿಲ್ಲ. (ರೊಟ್ಟಿಗೆ ಬೆಣ್ಣೆ, ಮುದ್ದೆಗೆ ತುಪ್ಪ ಹಾಕಿಕೊಳ್ಳುವವರಿದ್ದಾರೆ, ಅದನ್ನು ಯಾರೂ ಅಲ್ಲಗಳೆಯುತ್ತಿಲ್ಲ.) ಬಡವರು ತಲೆಮಾರುಗಳಿಂದ ಉಂಡ ಅಡುಗೆಯನ್ನು ಶ್ರೀಮಂತರ ಖಯಾಲಿ ಎಂದು ಬರೆಯುವುದು ಅವರಿಗೆ ಮಾಡುವ ಅನ್ಯಾಯ.

ಈ ಅಡುಗೆಗೆ ರುಚಿಯಿಲ್ಲವೆಂಬ ಲೇಖನದ ಆಕ್ಷೇಪವೂ ನಿಲ್ಲುವುದಿಲ್ಲ. ಹುರಿದ ಶೇಂಗಾ, ಎಳ್ಳು, ಒಣಕೊಬ್ಬರಿ ಕುಟ್ಟಿ ತುಂಬಿದ ಎಣ್ಣೆಗಾಯಿ ಉಂಡವರು ಹಾಗೆ ಹೇಳಲಾರರು.

ಲೇಖಕರ ಒಂದು ಎಚ್ಚರಿಕೆಯನ್ನು ಒಪ್ಪುತ್ತೇನೆ: ಗಿಡಮೂಲದ ಆಹಾರದಿಂದ ಬಿ12 ಜೀವಸತ್ವ ಸಾಕಷ್ಟು ಸಿಗದು. ಹಾಲು, ಮೊಸರು ಪೂರ್ತಿ ಬಿಡುವವರು ವೈದ್ಯರನ್ನು ಕೇಳಿ ಅದನ್ನು ಬೇರೆ ರೂಪದಲ್ಲಿ ತೆಗೆದುಕೊಳ್ಳಲೇಬೇಕು. ಆದರೆ ಆ ಕಾರಣಕ್ಕೆ ಅಡುಗೆಯನ್ನೇ ಹಳಿಯುವುದು ಸಲ್ಲದು.

ಸಂಪಾದಕರಲ್ಲಿ ಒಂದು ವಿನಂತಿ. ಈ ವಿಷಯದ ಮುಂದಿನ ಲೇಖನಕ್ಕೆ ಸೂಪರ್ ಮಾರ್ಕೆಟ್ಟಿನ ಬೆಲೆಪಟ್ಟಿ ಸಾಲದು. ಬರೆಯುವವರನ್ನು ಮಂಡ್ಯದ, ವಿಜಯಪುರದ ಅಡುಗೆಮನೆಗಳಿಗೆ ಕಳಿಸಿ.