ಗೋಡೆ ಕೆಡೋದು ಗೋಡೆ ಮೇಲಲ್ಲ, ಮಾಲು ಕಲಸೋ ಜಾಗದಲ್ಲಿ

1/6
ಪ್ಲಾಸ್ಟರ್ ಬಿರುಕು ಬಿಟ್ಟರೆ ಮೊದಲು ಬೈಸಿಕೊಳ್ಳೋದು ಗಾರೆ ಮೇಸ್ತ್ರಿ. ಆಮೇಲೆ ಸಿಮೆಂಟು, ಆಮೇಲೆ ಎಂ ಸ್ಯಾಂಡ್. ಮಾಲನ್ನ ಯಾವುದರ ಮೇಲೆ ಕಲಸಿದ್ರು ಅಂತ ಮಾತ್ರ ಯಾರೂ ಕೇಳಲ್ಲ. ಸಿವಿಲ್ ಓದೋ ನಾವಾದ್ರೂ ಕೇಳಬೇಕು.

2/6
"ನೆಲದ ಮೇಲೇ ಕಲಸ್ರೋ, ಏನಾಗುತ್ತೆ?"
ಆಗೋದು ಇಷ್ಟು. ಒಣ ಮಣ್ಣು ಮಾಲಿನ ನೀರು ಕುಡಿಯುತ್ತೆ, ಸಿಮೆಂಟು ಗಟ್ಟಿಯಾಗೋಕೆ ಬೇಕಾಗಿದ್ದೇ ಆ ನೀರು. ಸಲಿಕೆ ತಳ ಕೆರೆದಾಗೆಲ್ಲ ಜೇಡಿಮಣ್ಣು ಸೇರುತ್ತೆ. ಅದು ಮರಳಿನ ಕಾಳಿಗೆ ಮೆತ್ತಿಕೊಂಡ್ರೆ ಸಿಮೆಂಟಿಗೆ ಹಿಡಿತ ಸಿಗಲ್ಲ, ಒಣಗುವಾಗ ಕುಗ್ಗಿ ಬಿರುಕು ಬಿಡುತ್ತೆ. ಇಷ್ಟಾದ ಮೇಲೆ 1:4 ಅಂತ ಅಳೆದು ಹಾಕಿ ಏನು ಬಂತು?

3/6
"ಹಿಂದಿನವರು ಹಾಗೇ ಕಟ್ಟಿಲ್ವಾ?" ಇಲ್ಲ ಸ್ವಾಮಿ! ಅವರು ಸುಣ್ಣದ ಗಾರೆ ಅರೆದಿದ್ದು ಕಲ್ಲು ಹಾಸಿದ ಗಾಣದಲ್ಲಿ, ಎತ್ತು ಕಟ್ಟಿ. ಇವತ್ತಿನ ಸಿಪಿಡಬ್ಲ್ಯುಡಿ ನಿಯಮವೂ ಕೈಯಲ್ಲಿ ಕಲಸೋದಾದ್ರೆ ನೀರು ಸೋರದ, ಶುಚಿಯಾದ ಕಟ್ಟೆ ಮೇಲೇ ಕಲಸಿ ಅನ್ನುತ್ತೆ. ಹಳಬರ ಹೆಸರು ಹೇಳಿ ಸೋಮಾರಿತನ ಮಾರಬೇಡಿ.

4/6
ಹಾಗಾದ್ರೆ ಯಾವುದು ಸರಿ?
👉 ಕಬ್ಬಿಣದ ಸೆಂಟ್ರಿಂಗ್ ಶೀಟು: ಒಳ್ಳೇದು. ನೀರು ಹೀರಲ್ಲ, ಸಲಿಕೆ ಏಟಿಗೆ ಜಗ್ಗಲ್ಲ. ಆದ್ರೆ ಸೆಂಟ್ರಿಂಗಿಗೆ ಬಳಿದ ಎಣ್ಣೆ ಪೂರ್ತಿ ತೊಳೆದಿರಬೇಕು.
👉 ಸೆಂಟ್ರಿಂಗ್ ಪ್ಲೈವುಡ್: ಒಳ್ಳೇದು. ಮೇಲಿನ ನುಣುಪು ಪದರ ನೀರು ತಡೆಯುತ್ತೆ. ಕತ್ತರಿಸಿದ ಅಂಚಿಗೆ ಪೇಂಟ್ ಹೊಡೀರಿ, ನೀರು ನುಗ್ಗೋದು ಅಲ್ಲಿಂದಲೇ.
👉 ಪೀಠೋಪಕರಣದ ಸಾದಾ ಪ್ಲೈವುಡ್: ಬೇಡ. ನೆನೆದು ಪದರ ಪದರ ಬಿಚ್ಚಿಕೊಳ್ಳುತ್ತೆ, ಚಕ್ಕೆ ಮಾಲಿಗೆ ಸೇರುತ್ತೆ.
👉 ಜಿಪ್ಸಂ ಪ್ಲಾಸ್ಟರಿಗೆ: ಬಗ್ಗೋ ಪ್ಲಾಸ್ಟಿಕ್ ಅಥವಾ ರಬ್ಬರ್ ಟಬ್ಬು. ಒಂದು ತಟ್ಟು ತಟ್ಟಿದ್ರೆ ಹಳೇದು ಉದುರುತ್ತೆ. ಗಟ್ಟಿಯಾದ ಹಳೇ ಜಿಪ್ಸಂ ಚೂರು ಉಳಿದ್ರೆ ಹೊಸ ಮಾಲು ಬೇಗ ಸೆಟ್ ಆಗಿಬಿಡುತ್ತೆ.

5/6
ಅಲ್ಯೂಮಿನಿಯಂ ತಗಡು ಹಗುರ ಅಂತ ತರೋರಿಗೆ: ಹಸಿ ಸಿಮೆಂಟು ಕಟು ಕ್ಷಾರ, ಪಿಎಚ್ 12ಕ್ಕಿಂತ ಜಾಸ್ತಿ. ಅಲ್ಯೂಮಿನಿಯಂ ಅದರಲ್ಲಿ ಸವೆಯುತ್ತೆ, ಹೈಡ್ರೋಜನ್ ಗುಳ್ಳೆ ಬಿಡುತ್ತೆ. ಎಎಸಿ ಬ್ಲಾಕ್ ಉಬ್ಬಿಸೋಕೆ ಅಲ್ಯೂಮಿನಿಯಂ ಪುಡಿ ಹಾಕ್ತಾರಲ್ಲ, ಅದೇ ಕ್ರಿಯೆ. ಬ್ಲಾಕಿನಲ್ಲಿ ಗುಳ್ಳೆ ಬೇಕು. ಗೋಡೆಗೆ ಬಳಿಯೋ ಮಾಲಲ್ಲಿ ಬೇಡ.

6/6
ಈಗ ಅಸಲು ಮಾತು. ಈ ಹಲಗೆ ಯಾರು ತರಬೇಕು? ದಿನಗೂಲಿಗೆ ಬರೋ ಹೆಲ್ಪರ್ ಅಕ್ಕ ತಲೆ ಮೇಲೆ ಹೊತ್ತು ತರಬೇಕಾ? ಕಂಟ್ರಾಕ್ಟರ್ ಕೊಡಬೇಕು. ಲಕ್ಷಗಟ್ಟಲೆ ಮನೆಗೆ ಒಂದು ಶೀಟು ಭಾರನಾ? ಎಷ್ಟೋ ಸೈಟಲ್ಲಿ ಹಳೇ ಸೆಂಟ್ರಿಂಗ್ ಶೀಟು ಮೂಲೇಲೇ ಬಿದ್ದಿರುತ್ತೆ. ಅದನ್ನ ಕೊಡದೆ, ಮಣ್ಣಲ್ಲಿ ಕಲಸಿಸಿ, ಬಿರುಕು ಬಿಟ್ಟಾಗ "ಮೇಸ್ತ್ರಿ ಸರಿ ಇಲ್ಲ" ಅಂತ ಕೂಲಿ ಹಿಡಿಯೋದು ಅನ್ಯಾಯ.

ನಾಳೆ ಸೈಟ್ ಇಂಜಿನಿಯರ್ ಆಗೋರು ನೀವೇ. ಗೋಡೆಗೆ ತೂಗುಗುಂಡು ಹಿಡಿಯೋ ಮೊದಲು ಕೆಳಗೆ ನೋಡಿ. ಹಲಗೆ ಇಲ್ವಾ? ಕೆಲಸ ನಿಲ್ಲಿಸಿ, ತರಿಸಿ, ಆಮೇಲೆ ನೀರು ಹಾಕಿಸಿ.

ನಿಮ್ಮ ಬೀದಿ ಸೈಟಲ್ಲಿ ಮಾಲು ಯಾವುದರ ಮೇಲೆ ಕಲಸ್ತಿದ್ದಾರೆ? ಕಾಮೆಂಟಲ್ಲಿ ಹೇಳಿ 👇

#ಗಾರೆಕೆಲಸ #ಸಿವಿಲ್‌ಹುಡುಗರು #ಕನ್ನಡದಲ್ಲಿಸಿವಿಲ್